ಗರಿ ಉದುರಿಸುವ ಹ್ಯಾಟೆಯನ್ನು ಸಂತೆಗೆ ಒಯ್ಯಬೇಡಿ

(ಗ್ರಾಮಸೇವಕರಿಂದ)



ಹೋದ ವರ್ಷ ಗೌರಿ ಹಬ್ಬಕ್ಕೆ ಎಂಟು ದಿನ ಮುಂಚೆ ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ದಾರಿಯಲ್ಲಿ ತಡೆದು ನಿಲ್ಲಿಸಿದಳು. "ಸಾರ್, ನಮ್ಮ ಕೆಂಪಿ ಸಾಯುತ್ತಾ?" ಎಂದು ಕೇಳಿದಳು. ಕೆಂಪಿ ಎಂದರೆ ಅವಳು ಸಾಕಿದ ನಾಟಿ ಹ್ಯಾಟೆ. ಅದರ ಹಿಂದಿನ ವರ್ಷದ ಯುಗಾದಿಯಲ್ಲಿ ಮೊಟ್ಟೆಯಿಂದ ಹೊರಬಂದ ಮರಿ. ತಾಯಿಕೋಳಿಯನ್ನು ನಾಯಿ ಹಿಡಿದದ್ದರಿಂದ ಹುಡುಗಿಯೇ ಅದನ್ನು ಮಡಿಲಲ್ಲಿಟ್ಟು ನುಚ್ಚು ಹಾಕಿ ಬೆಳೆಸಿದ್ದಳು. ಶಾಲೆಯಿಂದ ಬಂದ ಕೂಡಲೇ ಹೆಸರು ಹಿಡಿದು ಕರೆದರೆ ಓಡಿ ಬರುತ್ತಿದ್ದ ಕೋಳಿ ಅದು. ದೀಪಾವಳಿಯಿಂದ ಮೊಟ್ಟೆ ಇಡಲು ತೊಡಗಿ, ಮೂರು ಸಲ ಮೊಟ್ಟೆಯಿಟ್ಟು, ಒಂದು ಸಲ ಕಾವು ಕೂತು ಮರಿ ಮಾಡಿತ್ತು.

ನಾನು ಹೋಗಿ ನೋಡಿದಾಗ ಕೆಂಪಿಯ ಕತ್ತು ಬೋಳಾಗಿತ್ತು, ಬೆನ್ನ ಮೇಲೆ ಚರ್ಮ ಕಾಣುತ್ತಿತ್ತು, ಜುಟ್ಟು ಬಾಡಿ ಸಣ್ಣದಾಗಿತ್ತು. ಮೊಟ್ಟೆ ನಿಂತು ಹದಿನೈದು ದಿನವಾಗಿತ್ತು. ಅಂಗಳದಲ್ಲೆಲ್ಲ ಗರಿ ಹಾರಾಡುತ್ತಿದ್ದವು. "ರೋಗ ಹತ್ತಿದ ಕೋಳಿ ಸ್ವಾಮಿ. ಸತ್ತು ದಂಡವಾಗುವುದಕ್ಕಿಂತ ನಾಳೆ ಸಂತೆಯಲ್ಲಿ ಬಂದಷ್ಟಕ್ಕೆ ಕೊಟ್ಟುಬಿಡುತ್ತೇನೆ" ಎಂದರು ಹುಡುಗಿಯ ತಂದೆ. ಮಂಕರಿಯ ಕೆಳಗೆ ಕೋಳಿಯನ್ನು ಮುಚ್ಚಿಯೂ ಆಗಿತ್ತು.

ಅದು ರೋಗವಲ್ಲ. ಅದು ಆ ಕೋಳಿಯ ಮೊದಲನೆಯ ದೊಡ್ಡ ಗರಿ ಬದಲಾವಣೆ. ಪ್ರತಿ ವರ್ಷ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಒಳ್ಳೆಯ ಹ್ಯಾಟೆಗಳು ಇದೇ ಕಾರಣಕ್ಕೆ, ಇದೇ ವಯಸ್ಸಿನಲ್ಲಿ, ಅರ್ಧ ಬೆಲೆಗೆ ಮಾರಾಟವಾಗುತ್ತವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಬೇಕೆಂದಿದ್ದೇನೆ.

ಗರಿ ಏಕೆ ಉದುರುತ್ತದೆ?

ನಾವು ಉಟ್ಟ ಬಟ್ಟೆ ಸವೆಯುವಂತೆ ಹಕ್ಕಿಯ ಗರಿಯೂ ಸವೆಯುತ್ತದೆ. ಮಣ್ಣು ಕೆದಕುವುದು, ಬೇಲಿಯಲ್ಲಿ ನುಸುಳುವುದು, ಬಿಸಿಲು, ಮಳೆ, ಇವುಗಳಿಂದ ಗರಿಯ ಅಂಚು ಹರಿದು ಬಣ್ಣ ಮಾಸುತ್ತದೆ. ಹರಿದ ಗರಿ ಚಳಿಯನ್ನು ತಡೆಯುವುದಿಲ್ಲ, ನೀರನ್ನೂ ತಡೆಯುವುದಿಲ್ಲ. ಆದುದರಿಂದ ಹಕ್ಕಿಯು ಹಳೆಯ ಗರಿಯನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಕಾಗೆ, ಗುಬ್ಬಿ, ನವಿಲು ಎಲ್ಲವೂ ಹೀಗೆಯೇ ಮಾಡುತ್ತವೆ.

ಕೋಳಿಯು ಮೊಟ್ಟೆಯಿಂದ ಹೊರಬರುವಾಗ ಮೈಮೇಲೆ ಬರಿಯ ತುಪ್ಪಳವಿರುತ್ತದೆ. ಕೆಲವೇ ದಿನಗಳಲ್ಲಿ ರೆಕ್ಕೆಯಲ್ಲಿ ಗರಿ ಕಾಣಿಸಿಕೊಳ್ಳುತ್ತದೆ. ಆರು ವಾರದ ಹೊತ್ತಿಗೆ ಮೈಯೆಲ್ಲ ಗರಿ ತುಂಬುತ್ತದೆ. ಈ ಮೊದಲ ಗರಿಗಳೂ ಶಾಶ್ವತವಲ್ಲ. ಎರಡು ಮೂರು ತಿಂಗಳ ವಯಸ್ಸಿನಲ್ಲಿ ಅವು ಒಂದೊಂದಾಗಿ ಉದುರಿ ಬೇರೆ ಗರಿ ಬರುತ್ತವೆ. ಮೊಟ್ಟೆಗೆ ಬರುವ ವೇಳೆಗೆ ದೊಡ್ಡ ಕೋಳಿಯ ಪುಕ್ಕ ಪೂರ್ತಿಯಾಗಿರುತ್ತದೆ. ಮರಿಗಳ ಈ ಬದಲಾವಣೆ ಸ್ವಲ್ಪ ಸ್ವಲ್ಪವಾಗಿ ಆಗುವುದರಿಂದ ನಮ್ಮ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ದೊಡ್ಡ ಬದಲಾವಣೆ ಬರುವುದು ಹ್ಯಾಟೆಗೆ ಒಂದು ವರ್ಷ ದಾಟಿ, ಸಾಮಾನ್ಯವಾಗಿ 15ರಿಂದ 18 ತಿಂಗಳಾದಾಗ. ಹಗಲು ಕಡಿಮೆಯಾಗತೊಡಗಿದ ಮೇಲೆ ಇದು ಹೆಚ್ಚಾಗಿ ಕಾಣುತ್ತದೆ. ನಮ್ಮ ಕಡೆ ಜೂನ್ ತಿಂಗಳ ಹಗಲಿಗೂ ಡಿಸೆಂಬರ್ ತಿಂಗಳ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮಗೆ ಅದು ಗೊತ್ತಾಗದಿದ್ದರೂ ಕೋಳಿಯ ಮೈಗೆ ಗೊತ್ತಾಗುತ್ತದೆ. ಕಾವು ಕೂತು ಎದ್ದ ಮೇಲೆ, ಒಂದು ದಿನ ನೀರು ಸಿಗದೆ ಹೋದರೆ, ಇಲ್ಲವೆ ಬಹಳ ಹೆದರಿದರೆ ಅಕಾಲದಲ್ಲಿಯೂ ಗರಿ ಉದುರಬಹುದು.

ಮೊಟ್ಟೆ ಏಕೆ ನಿಲ್ಲುತ್ತದೆ?

ಗರಿಯಲ್ಲಿರುವುದು ಬಹುತೇಕ ಸಸಾರಜನಕವೇ. ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಅದೇ. ಮೊಟ್ಟೆಗೂ ಅದೇ ಬೇಕು. ಒಂದೇ ಕಣಜದಿಂದ ಎರಡು ಮನೆಗೆ ಅಳೆಯಲು ಕೋಳಿಗೆ ಸಾಧ್ಯವಿಲ್ಲ. ಆದುದರಿಂದ ಗರಿಯ ಕೆಲಸ ಮುಗಿಯುವ ತನಕ ಅದು ಮೊಟ್ಟೆಯ ಕೆಲಸವನ್ನು ನಿಲ್ಲಿಸುತ್ತದೆ. ಮೊಟ್ಟೆ ನಿಂತಾಗ ಜುಟ್ಟೂ ಕುಗ್ಗಿ ಬಣ್ಣ ತಗ್ಗುತ್ತದೆ. ಇದನ್ನು ಕಂಡು ಕೋಳಿ ಮುದಿಯಾಯಿತೆಂದು ತಿಳಿಯಬಾರದು. ಇದು ಬೆಳೆ ಕೊಯ್ದ ಮೇಲೆ ಹೊಲವನ್ನು ಉತ್ತು ಬಿಟ್ಟಂತೆ.

ಗರಿ ಉದುರುವುದಕ್ಕೆ ಒಂದು ಕ್ರಮವಿದೆ. ಮೊದಲು ತಲೆ ಮತ್ತು ಕತ್ತು, ಅನಂತರ ಎದೆ, ಬೆನ್ನು, ಆಮೇಲೆ ರೆಕ್ಕೆ, ಕೊನೆಗೆ ಬಾಲ. ಕೋಳಿಯ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ನೋಡಿರಿ. ಹೊರತುದಿಯ ಕಡೆ ಹತ್ತು ದೊಡ್ಡ ಗರಿಗಳಿರುತ್ತವೆ. ಅವು ಮುಗಿದಲ್ಲಿ ಒಂದು ಗಿಡ್ಡ ಗರಿ, ಅದರಾಚೆ ಒಳಗಿನ ಗರಿಗಳು. ಆ ಹತ್ತರಲ್ಲಿ ಗಿಡ್ಡ ಗರಿಯ ಪಕ್ಕದ್ದು ಮೊದಲು ಉದುರುತ್ತದೆ. ಅಲ್ಲಿಂದ ತುದಿಯ ಕಡೆಗೆ ಒಂದರ ನಂತರ ಒಂದು. ಒಂದು ದೊಡ್ಡ ಗರಿ ಪೂರ್ತಿ ಬೆಳೆಯಲು ಸುಮಾರು ಆರು ವಾರ ಬೇಕು. ಗರಿಗಳ ಉದ್ದವನ್ನು ನೋಡಿ ಕೆಲಸ ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂದು ನೀವೇ ಲೆಕ್ಕ ಹಾಕಬಹುದು.

ಮೊಟ್ಟೆಗಾಗಿ ಬೆಳೆಸಿದ ತಳಿಗಳಲ್ಲಿ ಇನ್ನೊಂದು ಗುರುತೂ ಇದೆ. ತಡವಾಗಿ ಉದುರಿಸಲು ತೊಡಗಿ, ಮೂರು ನಾಲ್ಕು ಗರಿಗಳನ್ನು ಒಟ್ಟಿಗೆ ಉದುರಿಸಿ, ಬೇಗ ಮುಗಿಸುವ ಕೋಳಿ ಒಳ್ಳೆಯ ಮೊಟ್ಟೆ ಕೋಳಿ. ಬೇಗ ತೊಡಗಿ, ಒಂದೊಂದನ್ನೇ ಉದುರಿಸುತ್ತ ನಾಲ್ಕೈದು ತಿಂಗಳು ಎಳೆಯುವ ಕೋಳಿಯಿಂದ ಲಾಭ ಕಡಿಮೆ. ಹೀಗಾಗಿ ಪೂರ್ತಿ ಬೋಳಾಗಿ ಅಸಹ್ಯವಾಗಿ ಕಾಣುವ ಹ್ಯಾಟೆಯೇ ಮನೆಗೆ ಒಳ್ಳೆಯದಾಗಿರಬಹುದು. ನಾವು ಮೊದಲು ಮಾರುವುದೂ ಅದನ್ನೇ! ಕಾವು ಕೂರುವ ನಾಟಿ ಕೋಳಿಗಳಲ್ಲಿ ಈ ಗುರುತು ಅಷ್ಟು ಸ್ಪಷ್ಟವಾಗಿರುವುದಿಲ್ಲ.

ನಾನು ಮಾಡಿದ ತಪ್ಪು

ಉದುರಿದ್ದೆಲ್ಲ ಇದೇ ಎಂದು ತಿಳಿಯುವುದೂ ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ. ಮುಚ್ಚಿಡದೆ ಹೇಳುತ್ತೇನೆ.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಬೇರೊಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ತನ್ನ ನಾಲ್ಕು ಕೋಳಿಗಳನ್ನು ತೋರಿಸಿದರು. ಬಾಲದ ಸುತ್ತ, ಹೊಟ್ಟೆಯ ಕೆಳಗೆ ಗರಿ ಹೋಗಿತ್ತು, ಜುಟ್ಟು ಬಿಳಿಚಿಕೊಂಡಿತ್ತು. ನಾನು ನಿಂತಲ್ಲಿಂದಲೇ ನೋಡಿ, "ಏನೂ ಇಲ್ಲ ಅಜ್ಜಿ, ಗರಿ ಬದಲಾಯಿಸುತ್ತಿವೆ" ಎಂದು ಹೇಳಿ ಹೊರಟೆ. ಹತ್ತು ದಿನಗಳಲ್ಲಿ ಎರಡು ಕೋಳಿ ಸತ್ತವು. ಕಾವಿಗೆ ಕೂತಿದ್ದ ಮೂರನೆಯದು ಮೊಟ್ಟೆಗಳನ್ನು ಬಿಟ್ಟು ಎದ್ದಿತು. ಮತ್ತೆ ಹೋದಾಗ ಅಜ್ಜಿ ನನ್ನನ್ನು ಬಯ್ಯಲಿಲ್ಲ. ದೀಪ ಹಿಡಿದು ಗೂಡಿನ ಹಲಗೆಯ ಸಂದಿಯನ್ನು ತೋರಿಸಿದರು. ರಕ್ತ ಕುಡಿದು ಕೆಂಪಾದ ನುಸಿ ಅಲ್ಲಿ ರಾಶಿಯಾಗಿ ಹರಿದಾಡುತ್ತಿತ್ತು. "ನೀನು ಹಗಲು ನೋಡಿದೆ ಮಗಾ, ರಾತ್ರಿ ನೋಡಲಿಲ್ಲ" ಎಂದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಆದುದರಿಂದ ಗರಿ ಉದುರುವ ಕೋಳಿಯನ್ನು ಕಂಡಾಗ, ಮಾರುವ ಮುಂಚೆಯೂ "ಏನೂ ಇಲ್ಲ" ಎನ್ನುವ ಮುಂಚೆಯೂ ಈ ಮೂರು ಪರೀಕ್ಷೆಗಳನ್ನು ಮಾಡಿರಿ.

ಮೂರು ಪರೀಕ್ಷೆಗಳು

1. ಹೊಸ ಗರಿ ಇದೆಯೇ? ಬೋಳಾದ ಜಾಗದಲ್ಲಿ ಬೆರಳಾಡಿಸಿರಿ. ಮುಳ್ಳಿನ ಮೊನೆಯಂತೆ, ನೀಲಿ ಇಲ್ಲವೆ ಬೂದು ಬಣ್ಣದ ಎಳೆಗರಿಗಳು ಕೈಗೆ ಸಿಕ್ಕರೆ ಅದು ಸಹಜವಾದ ಗರಿ ಬದಲಾವಣೆ. ಬಹಳ ದಿನವಾದರೂ ಚರ್ಮ ನುಣ್ಣಗೆ ಬೋಳಾಗಿಯೇ ಇದ್ದರೆ, ಕೆಂಪಾಗಿದ್ದರೆ, ಇಲ್ಲವೆ ಗರಿ ಬುಡದಲ್ಲಿ ಮುರಿದಿದ್ದರೆ ಬೇರೆ ಕಾರಣ ಹುಡುಕಬೇಕು. ಇಕ್ಕಟ್ಟಾದ ಗೂಡಿನಲ್ಲಿ ಒಂದನ್ನೊಂದು ಕುಕ್ಕಿ ಗರಿ ಕೀಳುವುದುಂಟು. ಹುಂಜ ಏರಿ ಏರಿ ಬೆನ್ನಿನ ಗರಿ ಸವೆಯುವುದುಂಟು. ಕಾವಿಗೆ ಕೂತ ಕೋಳಿ ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುವುದುಂಟು; ಇದಕ್ಕೆ ಹೆದರಬೇಕಾಗಿಲ್ಲ.

2. ಹುಳು ಇದೆಯೇ? ಹಗಲು ಕೋಳಿಯ ಬಾಲದ ಕೆಳಗೆ, ರೆಕ್ಕೆಯ ಅಡಿಯಲ್ಲಿ ಗರಿ ಸರಿಸಿ ನೋಡಿರಿ. ಅಲ್ಲಿ ಹೇನು ಓಡಾಡುವುದು, ಗರಿಯ ಬುಡದಲ್ಲಿ ಬಿಳಿಯ ಸೀರು ಗಂಟಾಗಿ ಅಂಟಿರುವುದು ಕಾಣುತ್ತದೆ. ಆದರೆ ಕೆಂಪು ನುಸಿ ಮತ್ತು ಉಣ್ಣೆ ಹಗಲು ಕೋಳಿಯ ಮೇಲೆ ಇರುವುದಿಲ್ಲ. ಅವು ಗೂಡಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಆದುದರಿಂದ ರಾತ್ರಿ ಎಂಟು ಒಂಬತ್ತು ಗಂಟೆಗೆ ಟಾರ್ಚು ಹಿಡಿದು ಗೂಡನ್ನು, ಕೋಳಿಯ ಕಾಲನ್ನು, ಹೊಟ್ಟೆಯನ್ನು ನೋಡಲೇಬೇಕು.

3. ಕೋಳಿ ಲವಲವಿಕೆಯಿಂದಿದೆಯೇ? ಗರಿ ಬದಲಾಯಿಸುವ ಕೋಳಿ ಸ್ವಲ್ಪ ಮಂಕಾಗಿ, ಗುಂಪಿನಿಂದ ದೂರ ನಿಲ್ಲುತ್ತದೆ. ಆದರೂ ಕಾಳು ಹಾಕಿದರೆ ಬಂದು ತಿನ್ನುತ್ತದೆ, ಕಣ್ಣು ಚುರುಕಾಗಿರುತ್ತದೆ. ತಿನ್ನದೆ ತೂಕಡಿಸುವುದು, ಹಸಿರು ಅಥವಾ ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು, ಇವು ಕೊಕ್ಕರೆ ರೋಗದಂತಹ ಕಾಯಿಲೆಯ ಲಕ್ಷಣಗಳು. ಅಂತಹ ಕೋಳಿಯನ್ನು ಕೂಡಲೇ ಬೇರೆ ಇಟ್ಟು ಪಶುವೈದ್ಯರಿಗೆ ತಿಳಿಸಿರಿ. ಒಟ್ಟಿಗೆ ಅನೇಕ ಕೋಳಿಗಳು ಸಾಯತೊಡಗಿದರೆ ಅವನ್ನು ತಿನ್ನಬೇಡಿರಿ, ಮಾರಬೇಡಿರಿ, ಕೆರೆಗೆ ಎಸೆಯಬೇಡಿರಿ. ಅಂದೇ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿರಿ.

ಹೇನು, ನುಸಿ ಕಂಡರೆ

ಗೂಡಿನ ಹಳೆಯ ಹುಲ್ಲನ್ನು ತೆಗೆದು ಸುಡಿರಿ. ಹಲಗೆ, ಬಿದಿರು, ಗೋಡೆಯ ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿಯಿರಿ. ನುಸಿಯ ಮೊಟ್ಟೆಗಳು ಒಡೆದು ಮತ್ತೆ ಸಂತತಿ ಹೆಚ್ಚಲು ಒಂದು ವಾರ ಹತ್ತು ದಿನ ಸಾಕು. ಆದುದರಿಂದ ಎಂಟನೆಯ ದಿನ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕು. ಖಾಲಿ ಗೂಡಿನಲ್ಲಿಯೂ ನುಸಿ ತಿಂಗಳುಗಟ್ಟಲೆ ಬದುಕಿರುತ್ತದೆಂಬುದನ್ನು ನೆನಪಿಡಿರಿ.

ಒಲೆಯ ಬೂದಿ ಮತ್ತು ಒಣ ಮರಳನ್ನು ಬೆರೆಸಿ ಒಂದು ಅಗಲವಾದ ಮಂಕರಿಯಲ್ಲೋ ತಗ್ಗಿನಲ್ಲೋ ಮಳೆ ಬೀಳದ ಕಡೆ ಇಡಿರಿ. ಕೋಳಿಗಳು ತಾವಾಗಿಯೇ ಅದರಲ್ಲಿ ಹೊರಳಿ ಮೈಯನ್ನು ಶುಚಿ ಮಾಡಿಕೊಳ್ಳುತ್ತವೆ. ಇದಕ್ಕೆ ಕಾಸು ಖರ್ಚಿಲ್ಲ.

ಬೆಳೆಗೆ ಹೊಡೆಯುವ ಔಷಧಿಯನ್ನು ಮಾತ್ರ ಕೋಳಿಗೆ ಎಂದೂ ಹಾಕಬೇಡಿರಿ. ಹಿಂದಿನ ಕಾಲದಲ್ಲಿ ಬಿ.ಎಚ್.ಸಿ. ಪುಡಿ ಎರಚುತ್ತಿದ್ದುದನ್ನು ಹಿರಿಯರು ಹೇಳಬಹುದು. ಆ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ವಿಷ ಕೋಳಿಯ ಚರ್ಮದಿಂದ ಮೊಟ್ಟೆಗೆ, ಮೊಟ್ಟೆಯಿಂದ ಮಕ್ಕಳ ಹೊಟ್ಟೆಗೆ ಸೇರುತ್ತದೆ. ಔಷಧಿ ಬೇಕಾದರೆ ಪಶುವೈದ್ಯರನ್ನು ಕೇಳಿಯೇ ಹಾಕಿರಿ.

ಗರಿ ಬರುವ ತನಕ ಆರೈಕೆ

ಪರೀಕ್ಷೆ ಮಾಡಿ ಇದು ಸಹಜವಾದ ಗರಿ ಬದಲಾವಣೆಯೇ ಎಂದು ತಿಳಿದ ಮೇಲೆ ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಆಹಾರ, ನೀರು, ನೆಮ್ಮದಿ, ಈ ಮೂರು ಸಾಕು.

ಆಹಾರ: ಮೊಟ್ಟೆ ಇಡುವುದಿಲ್ಲವೆಂದು ಕೋಳಿಗೆ ಕಾಳು ಕಡಿಮೆ ಮಾಡುವುದು ನಮ್ಮಲ್ಲಿ ರೂಢಿ. ಇದು ಪೂರಾ ತಪ್ಪು. ಮೇಯುವ ಕೋಳಿಗೂ ಸಂಜೆ ಹೊತ್ತು ಒಂದು ಹಿಡಿ, ಎಂದರೆ 40ರಿಂದ 50 ಗ್ರಾಂ ಮಿಶ್ರಣ ಕೊಡಬೇಕು. ಬರಿಯ ರಾಗಿ, ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ; ಗರಿ ಬೆಳೆಯುವುದಿಲ್ಲ. ಹತ್ತು ಕಿಲೋ ಮಿಶ್ರಣಕ್ಕೆ ಹೀಗೆ ಸೇರಿಸಬಹುದು: ಒಡೆದ ಮೆಕ್ಕೆಜೋಳ ಅಥವಾ ರಾಗಿ ಐದೂವರೆ ಕಿಲೋ, ಕಡಲೆಕಾಯಿ ಹಿಂಡಿ ಒಂದು ಕಿಲೋ, ಎಳ್ಳಿನ ಹಿಂಡಿ ಒಂದು ಕಿಲೋ, ಅಕ್ಕಿ ತೌಡು ಒಂದೂವರೆ ಕಿಲೋ, ಉಪ್ಪಿಲ್ಲದ ಒಣಮೀನಿನ ಪುಡಿ ಮುಕ್ಕಾಲು ಕಿಲೋ, ಲವಣ ಮಿಶ್ರಣ ಕಾಲು ಕಿಲೋ. ಗರಿಗೆ ಗಂಧಕವಿರುವ ಸಸಾರಜನಕ ಬೇಕು. ಅದು ಕಡಲೆಕಾಯಿ ಹಿಂಡಿಯಲ್ಲಿ ಕಡಿಮೆ, ಎಳ್ಳಿನ ಹಿಂಡಿಯಲ್ಲಿಯೂ ಮೀನಿನಲ್ಲಿಯೂ ಹೆಚ್ಚು. ಅದಕ್ಕಾಗಿಯೇ ಎರಡನ್ನೂ ಕೂಡಿಸಬೇಕು. ಬೂಷ್ಟು ಹಿಡಿದ ಹಿಂಡಿಯನ್ನು ಎಂದೂ ಹಾಕಬಾರದು. ಅದರಲ್ಲಿರುವ ವಿಷ ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ.

ಹಿಂಡಿ, ಮೀನು ಕೊಳ್ಳಲು ಆಗದವರು ಗೆದ್ದಲು ಹಿಡಿಯಿರಿ. ಹಳೆಯ ಮಡಕೆಯಲ್ಲಿ ಒದ್ದೆ ಮಾಡಿದ ಹುಲ್ಲು, ಒಣ ಸಗಣಿ, ಹರಿದ ಗೋಣಿಯ ತುಂಡು ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿರಿ. ಬೆಳಿಗ್ಗೆ ಎತ್ತಿ ಕೋಳಿಗಳ ಮುಂದೆ ಕೊಡವಿರಿ. ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯವಿದು. ನುಗ್ಗೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿರಿ. ಹುರುಳಿಯನ್ನು ಹಸಿಯಾಗಿ ಹಾಕದೆ ಬೇಯಿಸಿ ಹಾಕಿರಿ.

ನೀರು: ಸ್ವಚ್ಛವಾದ ನೀರು ದಿನವಿಡೀ ನೆರಳಿನಲ್ಲಿರಲಿ. ನೀರು ತಪ್ಪಿದರೆ ಉಳಿದ ಕೋಳಿಗಳೂ ಗರಿ ಉದುರಿಸತೊಡಗಬಹುದು.

ನೆಮ್ಮದಿ: ಎಳೆಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಮುಟ್ಟಿದರೆ ನೋಯುತ್ತದೆ, ಮುರಿದರೆ ರಕ್ತ ಸೋರುತ್ತದೆ. ರಕ್ತ ಕಂಡ ಬೇರೆ ಕೋಳಿಗಳು ಅಲ್ಲಿಯೇ ಕುಕ್ಕುತ್ತವೆ. ಆದುದರಿಂದ ಈ ದಿನಗಳಲ್ಲಿ ಕೋಳಿಯನ್ನು ರೆಕ್ಕೆ ಹಿಡಿದು ಎತ್ತಬಾರದು, ಅಟ್ಟಿಸಿಕೊಂಡು ಹಿಡಿಯಬಾರದು. ಹಿಡಿಯಲೇಬೇಕಾದರೆ ರಾತ್ರಿ ಗೂಡಿನಲ್ಲಿ ಎರಡು ಕೈಯಿಂದ ಮೆಲ್ಲಗೆ ಎತ್ತಿರಿ. ಗರಿಯಿಲ್ಲದ ಮೈಗೆ ಸೋನೆ ಮಳೆಯೂ ರಾತ್ರಿಯ ಗಾಳಿಯೂ ಬಹು ಕೆಟ್ಟವು. ಗೂಡಿನ ನೆಲ ಒಣಗಿರಲಿ. ಗಾಳಿ ನುಗ್ಗುವ ಕಡೆಗೆ ಗೋಣಿ ಕಟ್ಟಿರಿ. ಕೊಕ್ಕರೆ ರೋಗದ ಲಸಿಕೆ, ಜಂತುಹುಳದ ಔಷಧಿ ಇವನ್ನು ಗರಿ ಉದುರುವ ಕಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ತಾಯಿಯಿಲ್ಲದ ಮರಿಗಳಿಗೂ ಇದೇ ಮಾತು. ತುಪ್ಪಳ ಹೋಗಿ ಗರಿ ತುಂಬುವ ಮೊದಲ ಆರು ವಾರ ಅವಕ್ಕೆ ಶಾಖ ಬೇಕು. ಮರಿಗಳು ಒಂದರ ಮೇಲೊಂದು ಬಿದ್ದು ಗುಂಪಾದರೆ ಚಳಿಯಾಗಿದೆ ಎಂದರ್ಥ. ದೂರ ಸರಿದು ಬಾಯಿ ತೆರೆದರೆ ಶಾಖ ಹೆಚ್ಚಾಗಿದೆ ಎಂದರ್ಥ.

ತಾಳಿದರೆ ಲಾಭವೇ?

ನಮ್ಮ ನಾಟಿ ಹ್ಯಾಟೆ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ಮುಂತಾದ ಹಿತ್ತಿಲ ತಳಿಗಳು ಇನ್ನೂ ಹೆಚ್ಚು ಇಡುತ್ತವೆ. ಎರಡು ಮೂರು ತಿಂಗಳ ಆಹಾರದ ಖರ್ಚಿನ ಎದುರಿಗೆ ಮುಂದಿನ ಒಂದು ವರ್ಷದ ಮೊಟ್ಟೆಯನ್ನಿಟ್ಟು ನೀವೇ ತೂಗಿ ನೋಡಿರಿ. ಹೊಸ ಮರಿ ತಂದರೆ ಅದು ಮೊಟ್ಟೆಗೆ ಬರಲು ಆರೇಳು ತಿಂಗಳು ಬೇಕು. ಅಷ್ಟರಲ್ಲಿ ಹದ್ದು, ಮುಂಗುಸಿ, ನಾಯಿಗಳ ಪಾಲೂ ಹೋಗುತ್ತದೆ. ಮನೆಯ ಅಂಗಳಕ್ಕೆ ಹೊಂದಿಕೊಂಡು ಒಂದು ವರ್ಷ ಬದುಕಿ ತೋರಿಸಿದ ಹ್ಯಾಟೆಯ ಬೆಲೆ ಸಂತೆಯವನಿಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಮೂರು ನಾಲ್ಕು ವರ್ಷ ದಾಟಿದ ಕೋಳಿಯ ಮಾತು ಬೇರೆ. ಅದು ಗರಿ ಬಂದ ಮೇಲೂ ಮೊಟ್ಟೆ ಕಡಿಮೆ ಇಡುತ್ತದೆ. ಅದನ್ನು ಮಾರುವುದಾದರೂ ಗರಿ ತುಂಬಿ ಮೈದುಂಬಿದ ಮೇಲೆ ಮಾರಿರಿ.

ಕೆಂಪಿಯ ವಿಷಯ ಹೇಳಿ ಮುಗಿಸುತ್ತೇನೆ. ಆ ಸಂಜೆ ಹುಡುಗಿಯ ತಂದೆಯೂ ನಾನೂ ಕೂಡಿ ಮೂರು ಪರೀಕ್ಷೆಗಳನ್ನು ಮಾಡಿದೆವು. ಕತ್ತಿನ ಮೇಲೆ ಎಳೆಗರಿ ಕೈಗೆ ಚುಚ್ಚಿತು. ರಾತ್ರಿ ಟಾರ್ಚು ಹಾಕಿ ನೋಡಿದಾಗ ಗೂಡು ಶುಚಿಯಾಗಿತ್ತು. "ಹಬ್ಬ ಕಳೆಯಲಿ ಗೌಡರೇ, ದೀಪಾವಳಿಯ ತನಕ ನೋಡೋಣ" ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಮಂಕರಿಯನ್ನು ಎತ್ತಿದರು.

ಹುಡುಗಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನವೂ ಬರೆದಿಟ್ಟಳು. ಎಂಟನೆಯ ದಿನ ರೆಕ್ಕೆಯ ಮೊದಲನೆಯ ದೊಡ್ಡ ಗರಿ ಬಿತ್ತು. ಇಪ್ಪತ್ತನೆಯ ದಿನ ಕತ್ತು ಪೂರ್ತಿ ಮುಚ್ಚಿತು. ಐವತ್ತನೆಯ ದಿನ ರೆಕ್ಕೆಯ ಆ ಹೊಸ ಗರಿ ಪೂರ್ತಿ ಉದ್ದವಾಗಿತ್ತು. ಎಪ್ಪತ್ತೆಂಟನೆಯ ದಿನದ ಎದುರಿಗೆ ಅವಳು ಬರೆದದ್ದು ಒಂದೇ ಮಾತು: "ಮೊಟ್ಟೆ."

ಮುಂದಿನ ಸಲ ನಾನು ಆ ಮನೆಗೆ ಹೋದಾಗ ಅವರ ತಂದೆ ಬೇರೊಂದು ಹ್ಯಾಟೆಯನ್ನು ತಂದು ನನ್ನ ಮುಂದೆ ಬಿಟ್ಟರು. ಅದನ್ನು ಅವರು ಸಂತೆಯಲ್ಲಿ ಕೊಂಡಿದ್ದರು. ಕತ್ತು ಬೋಳಾಗಿತ್ತೆಂದು ಮಾರುವವನು ಅಗ್ಗವಾಗಿ ಕೊಟ್ಟಿದ್ದನಂತೆ. ಕೊಳ್ಳುವ ಮುಂಚೆ ಎಳೆಗರಿಯನ್ನು ಮುಟ್ಟಿ ನೋಡಿದ್ದರು. ತಂದ ಮೇಲೆ ಉಳಿದ ಕೋಳಿಗಳೊಡನೆ ಕೂಡಲೇ ಬಿಡದೆ ಎರಡು ವಾರ ಬೇರೆ ಕಟ್ಟಿ, ರಾತ್ರಿ ಟಾರ್ಚು ಹಾಕಿ ನೋಡಿದ್ದರು.

ನಿಮ್ಮ ಮನೆಯ ಅಂಗಳದಲ್ಲಿಯೂ ಗರಿ ಹಾರಾಡುವುದನ್ನು ಕಂಡರೆ ಅವಸರ ಮಾಡಬೇಡಿರಿ. ಮುಟ್ಟಿ ನೋಡಿರಿ, ರಾತ್ರಿ ನೋಡಿರಿ, ಆಮೇಲೆ ನಿಶ್ಚಯಿಸಿರಿ. ಸಂಶಯವಿದ್ದರೆ ನಾನು ನಿಮ್ಮ ಊರಿಗೆ ಬಂದ ದಿನ ಕೇಳಿರಿ. ಈಗ ನಾನು ದೂರದಿಂದ ನೋಡಿ ಹೇಳುವುದಿಲ್ಲ.